ಸೀಮೆಸುಣ್ಣದ ಗೆರೆ ದಾಟಿದವರು

ನಮ್ಮ ಬೀದಿಯ ಗಂಡಸರ ಉಗುರಿಗೆಲ್ಲ ಬಣ್ಣ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅಂದಮೇಲೆ ಅದು ಇದ್ದದ್ದೇ. ನಮ್ಮ ಯಜಮಾನರು, ಮೈದುನ ಇಬ್ಬರೂ ಅಲ್ಲೇ ಕೆಲಸಕ್ಕಿದ್ದಾರೆ. ಕಾರ್ಖಾನೆಯ ಹಿಂದೆ ನೆಲದೊಳಗೆ ಕೊಳಚೆ ನೀರಿನ ತೊಟ್ಟಿ ಇದೆ. ಆ ವಾರ ಅದು ಕಟ್ಟಿಕೊಂಡಿತ್ತು. ಶನಿವಾರ ಬೆಳಿಗ್ಗೆ ಮೈದುನ ಇಳಿದು ಹೂಳು ತೆಗೆಯಬೇಕು, ಇವರು ಮೇಲೆ ನಿಲ್ಲಬೇಕು ಅಂತ ಮೇಸ್ತ್ರಿ ಹೇಳಿದ್ದ.

ಶುಕ್ರವಾರ ಸಂಜೆ ಕಾರ್ಖಾನೆಯ ಗೋದಾಮಿನಲ್ಲಿ ಹೊರಗಿನಿಂದ ಬಂದ ಒಂದು ತಂಡದ ನಾಟಕ. ಆ ತಂಡದವರದು ವಿಚಿತ್ರ ನಾಟಕ ಬಿಡಿ. ವೇದಿಕೆ ಇಲ್ಲ, ಬಾಯಿಪಾಠ ಇಲ್ಲ. ಎರಡು ವಾರ ನಮ್ಮ ಜೊತೆ ಕೂತು ಕೆಲಸದ ಕಥೆ ಕೇಳಿದರು, ಆಮೇಲೆ ನೀವೇ ಆಡಿ ಅಂದುಬಿಟ್ಟರು. ನೋಡುವವರು ಯಾರು ಬೇಕಾದರೂ "ನಿಲ್ಲಿಸಿ" ಅಂತ ಹೇಳಿ ಕಥೆ ಬದಲಿಸಬಹುದಂತೆ.

ನಾಟಕದ ಮೇಡಂ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಸುತ್ತು ಎಳೆದರು. "ಇದೇ ತೊಟ್ಟಿ. ಒಳಗೆ ವಿಷಗಾಳಿ. ಕಾಲಿಟ್ಟವರು ನಾನು ಮೂರು ಎಣಿಸೋದ್ರೊಳಗೆ ಮಲಗಿಬಿಡಬೇಕು."

ಯಜಮಾನರು ನಕ್ಕರು. "ಇಪ್ಪತ್ತು ವರ್ಷದಿಂದ ಇಳೀತಿದ್ದೀವಿ ಮೇಡಂ. ಮುಖಕ್ಕೆ ಒದ್ದೆ ಬಟ್ಟೆ ಕಟ್ಕೋತೀವಿ. ವಾಸನೆ ಬಂದ್ರೆ ಮೇಲೆ ಬಂದ್ಬಿಡ್ತೀವಿ."

"ಒದ್ದೆ ಬಟ್ಟೆ ವಿಷಗಾಳಿ ತಡೆಯಲ್ಲ ಅಣ್ಣ. ವಿಷ ಜಾಸ್ತಿ ಇದ್ರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ."

"ಇಷ್ಟು ದಿನ ಏನೂ ಆಗಿಲ್ವಲ್ಲ?"

"ಅದು ನಿಮ್ಮ ಅದೃಷ್ಟ. ನಾಳೆಯದು ನನಗೆ ಗೊತ್ತಿಲ್ಲ."

ಆಟ ಶುರುವಾಯಿತು. ಮೈದುನ ಸುತ್ತಿನೊಳಗೆ ಇಳಿದ, ಬಿದ್ದ. "ತಮ್ಮಾ" ಅಂತ ಇವರು ನುಗ್ಗಿದರು. ಮೇಡಂ ಮೂರು ಎಣಿಸಿ, "ನೀವೂ ಮಲಗಿ" ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಮ್ಮೆ ಇವರು ಒದ್ದೆ ಬಟ್ಟೆ ಕಟ್ಟಿಕೊಂಡು ಹೋದರು. ಮತ್ತೆ ಮಲಗಿದರು. ಮೂರನೇ ಸಲ ಉಸಿರು ಬಿಗಿಹಿಡಿದು ಓಡಿದರು. ಮೈದುನ ಒಳ್ಳೇ ಭಾರದ ಆಸಾಮಿ, ಎತ್ತುವಾಗ ಬಿಗಿಹಿಡಿದ ಉಸಿರು ಬಿಟ್ಟುಹೋಯಿತು, ಮತ್ತೆ ಮಲಗಿದರು.

ಈಗ ಯಾರೂ ನಗಲಿಲ್ಲ. ಅಷ್ಟರಲ್ಲಿ ನಮ್ಮ ಮಗಳು ಎದ್ದಳು, ಹತ್ತು ವರ್ಷದವಳು. "ಅಪ್ಪನ್ನ ನಾನು ಎಳ್ಕೊಂಡು ಬರ್ತೀನಿ."

ಇವರು ತಲೆ ಎತ್ತಿದರು. "ಬರಬೇಡ ಪುಟ್ಟಿ."

"ಸತ್ತವರು ಮಾತಾಡೋ ಹಾಗಿಲ್ಲ ಅಣ್ಣ," ಅಂದರು ಮೇಡಂ ಮೆಲ್ಲಗೆ.

ಮಗಳು ಗೆರೆ ದಾಟಿ ಅಪ್ಪನ ಕೈ ಹಿಡಿದು ಜಗ್ಗಿದಳು. ಒಂದು. ಎರಡು. ಮೂರು. ಅಪ್ಪನ ಪಕ್ಕದಲ್ಲೇ ಕಣ್ಣುಮುಚ್ಚಿ ಮಲಗಿದಳು.

"ನಿಲ್ಲಿಸಿ," ಅಂದೆ.

"ಹೇಳಿ ಅಕ್ಕ. ಕಥೆ ಎಲ್ಲಿಂದ ಬದಲಿಸೋಣ?"

"ಮೊದಲನೆಯವನು ಇಳಿಯೋಕೆ ಮುಂಚೆಯಿಂದ."

ಶನಿವಾರ ಬೆಳಿಗ್ಗೆ ಮೇಸ್ತ್ರಿ ಮುಚ್ಚಳ ತೆಗೆಸಿ, "ಇಳಿಯೋ" ಅಂದ. ಇವರು ತಮ್ಮನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

"ಇವನು ಇಳಿಯಲ್ಲ. ಕೊಳಚೆ ಹೀರುವ ಮಷಿನ್ ಗಾಡಿ ಕರೆಸಿ."

"ನಾಳೆಯಿಂದ ಕೆಲಸಕ್ಕೆ ಬರಬೇಡಿ ಹಾಗಾದ್ರೆ. ಬೇರೆಯವನು ಇಳೀತಾನೆ."

"ಅವನನ್ನೂ ಇಳಿಯೋಕೆ ಬಿಡಲ್ಲ. ಅವನಿಗೂ ಮನೇಲಿ ಮಕ್ಕಳಿರ್ತಾವೆ."

ಹಿಂದಿನ ಸಂಜೆ ನಾಟಕ ನೋಡಿದವರು ಒಬ್ಬೊಬ್ಬರಾಗಿ ಬಂದು ಇವರ ಪಕ್ಕ ನಿಂತರು. ಮೇಸ್ತ್ರಿ ಕೂಗಾಡಿದ, ಹೆಸರು ಬರೆದುಕೊಂಡ. ಮಧ್ಯಾಹ್ನದವರೆಗೆ ಯಾರೂ ಕದಲಲಿಲ್ಲ. ಮೂರು ಗಂಟೆಗೆ ಗಾಡಿ ಬಂತು.

ಅಣ್ಣಂದಿರೇ, ಅಕ್ಕಂದಿರೇ, ಮುಚ್ಚಿದ ತೊಟ್ಟಿಗೆ, ಗುಂಡಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಮಷಿನ್ ಕರೆಸಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಕೂಗಿ ಜನ ಸೇರಿಸಿ, ಕೂಡಲೇ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ನಮ್ಮವರು ಕಣ್ಣೆದುರೇ ಬಿದ್ದಾಗ ಕಾಲು ಸುಮ್ಮನೆ ನಿಲ್ಲಲ್ಲ, ನನಗೆ ಗೊತ್ತು. ಹಾರಬೇಕು ಅನ್ನಿಸಿದಾಗ ಒಂದು ಸಲ ಹಿಂದೆ ತಿರುಗಿ ನೋಡಿ. ನಿಮ್ಮನ್ನು ಉಳಿಸೋಕೆ ಅಂತ ಹಾರಲು ಅಲ್ಲಿ ಯಾರು ನಿಂತಿದ್ದಾರೆ?