ಒಂದು ಲೋಟ ರಕ್ತ

ಆಸ್ಪತ್ರೆಯ ರಕ್ತನಿಧಿಯಲ್ಲಿ ಸೂಜಿ ಹಿಡಿದೇ ಕೂದಲು ನೆರೆತ ನರ್ಸಮ್ಮನಿಗೆ, ರಕ್ತಪಿಶಾಚಿಗಳ ಕಥೆ ಬರೆದು ಹೆಸರು ಮಾಡಿದ ಆ ಲೇಖಕನೆಂದರೂ ಅಷ್ಟಕ್ಕಷ್ಟೇ, ಅವನ ಓದುಗರೆಂದರೂ ಅಷ್ಟಕ್ಕಷ್ಟೇ. ಕುತ್ತಿಗೆಗೆ ಬಾಯಿ ಹಾಕಿದ ಕೂಡಲೇ ರಕ್ತ ನಲ್ಲಿ ನೀರಿನಂತೆ ಬರುತ್ತದೆ ಎಂದು ಬರೆಯುವವನು ಒಂದು ದಿನ ಇಲ್ಲಿಗೆ ಬಂದು ದಪ್ಪ ತೋಳಿನಲ್ಲಿ ನರ ಹುಡುಕಲಿ ಎಂಬುದು ಆಕೆಯ ವಾದ.

ಅಂದು ತಾಯಿಯ ಆಪರೇಷನ್ನಿಗೆ ರಕ್ತ ಕೊಡಲು ಬಂದ ಅಣ್ಣ ತಂಗಿ, ಬೆಂಚಿನ ಮೇಲೆ ಕೂತು ಅದೇ ಲೇಖಕನ ಹೊಸ ಕಾದಂಬರಿಯ ಬಗ್ಗೆ ಕಿತ್ತಾಡುತ್ತಿದ್ದರು.

“ರಕ್ತ ಕುಡಿಯೋ ಹೊತ್ತಲ್ಲೂ ಆ ಪಿಶಾಚಿ ತನ್ನ ಹುಡುಗಿ ಕೈ ಬಿಡಲ್ಲ. ಓದಿ ಕಣ್ಣಲ್ಲಿ ನೀರು ಬಂತು,” ಎಂದಳು ತಂಗಿ.

“ಕರ್ಮ. ನಾನೂರು ಪುಟಕ್ಕೆ ಒಂದು ಲೋಟ ರಕ್ತ ಹರಿದ್ರೆ ಹೆಚ್ಚು. ಇವನ ಹಳೇ ಪುಸ್ತಕಗಳಲ್ಲಿ ಕೊಡಗಟ್ಟಲೆ ಹರೀತಿತ್ತು. ಈಗ ಬರೀ ಸಪ್ಪೆ,” ಎಂದ ಅಣ್ಣ.

ಹೊಗಳುವವಳಿಗೆ ಪ್ರೀತಿ ಬೇಕು, ತೆಗಳುವವನಿಗೆ ರಕ್ತ ಬೇಕು, ಪುಸ್ತಕ ಅರ್ಧಕ್ಕೆ ಬಿಟ್ಟವರು ಮಾತ್ರ ಇಬ್ಬರಲ್ಲಿ ಒಬ್ಬರೂ ಇಲ್ಲ ಎಂದು ನರ್ಸಮ್ಮ ಮೂಗು ಮುರಿದಳು. ಸೂಜಿ, ಖಾಲಿ ಚೀಲ ಹಿಡಿದು ಬಂದು, “ಮೊದಲು ಯಾರು ಮಲಗ್ತೀರಿ?” ಎಂದು ಕೇಳಿದಳು.

ಬೆಳಿಗ್ಗೆಯಿಂದ ತಲೆ ಸುತ್ತುತ್ತಿರುವುದು ತಂಗಿಗೆ ಆಗ ನೆನಪಾಯಿತು. ಅಣ್ಣ ಸೂಜಿಯನ್ನೊಮ್ಮೆ ನೋಡಿ ಬೆವರೊರೆಸಿಕೊಂಡ.

“ಸಿಸ್ಟರ್, ಚೀಲ ತುಂಬಾನೇ ಬೇಕಾ? ಒಂದು ಸ್ವಲ್ಪದಲ್ಲಿ ಸುಧಾರಿಸೋಕಾಗಲ್ವಾ?”

“ಕಥೆಗೇ ಒಂದು ಲೋಟ ಸಾಲಲಿಲ್ಲ ನಿಮಗೆ,” ಎಂದು ನರ್ಸಮ್ಮ ಅವನ ತೋಳಿಗೆ ಪಟ್ಟಿ ಬಿಗಿದಳು. “ಹೆತ್ತ ತಾಯಿಗೆ ಸಾಕಾ?”