ಪೆರ್ಡೂರಿನ ಹಾಲ್ಟ್

ಉಡುಪಿಯ ಖಾಸಗಿ ಬಸ್ ಸಂಸ್ಥೆಯೊಂದರಲ್ಲಿ ಚಾಲಕರ ಡ್ಯೂಟಿ ಪಟ್ಟಿಯನ್ನು ಮೂವತ್ತೊಂದು ವರ್ಷಗಳಿಂದ ಬರೆಯುತ್ತಿರುವವನು ನಾನು. ಆ ಪಟ್ಟಿಯಲ್ಲಿ ಒಂದು ಚಿತ್ತು ಕೂಡ ಇರಬಾರದೆಂಬುದು ನನ್ನ ಹಠ. ರಾತ್ರಿಯ ಕೊನೆಯ ಬಸ್ಸು ದಾರಿಯ ತುದಿಯ ಊರಾದ ಪೆರ್ಡೂರಿನಲ್ಲೇ ತಂಗಿ, ಬೆಳಗಿನ ಮೊದಲ ಟ್ರಿಪ್ಪಿಗೆ ಅಲ್ಲಿಂದಲೇ ಹೊರಡುತ್ತದೆ. ಚಾಲಕನೂ ಬಸ್ಸಿನಲ್ಲೇ ಮಲಗಬೇಕು. ಇದಕ್ಕೆ ಹಾಲ್ಟ್ ಎನ್ನುತ್ತಾರೆ. ಒಂದು ನಿಮಿಷವೂ ತಪ್ಪದವನಿಗೆ ಮಾತ್ರ ಹಾಲ್ಟ್ ಕೊಡುವುದು ನನ್ನ ಪದ್ಧತಿಯಾಗಿತ್ತು. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ.

ಆ ಗೌರವವನ್ನು ಆರು ವರ್ಷ ಹೊತ್ತವನು ಕಾಪುವಿನ ವಿಶಾಲ್. ಕಳೆದ ಮೇ ತಿಂಗಳಲ್ಲಿ ಅವನು ಕೆಲಸ ಬಿಟ್ಟ. ರಿಜಿಸ್ಟರಿನ ‘ಬಿಟ್ಟ ಕಾರಣ’ ಎಂಬ ಅಂಕಣದಲ್ಲಿ ‘ಹೆಚ್ಚಿನ ಸಂಬಳದ ಆಸೆ’ ಎಂದು ಬರೆದೆ; ಅವನನ್ನು ಕೇಳಲಿಲ್ಲ. ನಮ್ಮ ಕಡೆ ಚಾಲಕನನ್ನು ಸೇರಿಸಿಕೊಳ್ಳುವ ಮುನ್ನ ಹಳೆಯ ಕಂಪನಿಗೆ ಫೋನ್ ಮಾಡುವ ವಾಡಿಕೆಯುಂಟು. ಕಾರ್ಕಳದಲ್ಲಿ ಎರಡು ಬಸ್ಸುಗಳನ್ನು ಓಡಿಸುವ ಹೆರಾಲ್ಡ್ ಹಾಗೆ ವಿಚಾರಿಸಿದಾಗಲೂ, ಅವನು ದುಡ್ಡು ಕಂಡಲ್ಲಿಗೆ ಹೋಗುವವನೆಂದು ಹೇಳಿಬಿಟ್ಟೆ.

ಅನಂತರ ಹಾಲ್ಟಿಗೆ ಹೋದ ಇಬ್ಬರೂ ನಿಲ್ಲಲಿಲ್ಲ. ಕೊನೆಗೆ ನಾನೇ ಒಂದು ಭಾನುವಾರ ಬೆಳಿಗ್ಗೆ, ಸಂಬಳ ಏರಿಸುವ ಮಾತನ್ನು ಹೊತ್ತು ಕಾಪುವಿಗೆ ಹೋದೆ.

ವಿಶಾಲ್ ಜಗಲಿಯಲ್ಲಿ ಕುಳಿತು ಮಗಳು ಧೃತಿಗೆ ಜಡೆ ಹಾಕುತ್ತಿದ್ದ. ಜಡೆ ವಾಲಿತ್ತು. ಮೆಲ್ಲಗೆ ಮಾತನಾಡಬೇಕೆಂದು ಸನ್ನೆ ಮಾಡಿದ. ಅವನ ಹೆಂಡತಿ ನವ್ಯಶ್ರೀ ಮಣಿಪಾಲದಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದಳು. ನಾನು ಬಂದ ಉದ್ದೇಶವನ್ನು ಪಿಸುದನಿಯಲ್ಲೇ ತಿಳಿಸಿದೆ. ಮಗು ತಲೆ ಹೊರಳಿಸಿ ಅಪ್ಪನನ್ನು ಕೇಳಿತು:

“ಅಪ್ಪಾ, ಇವತ್ತು ಪೆರ್ಡೂರಿಗೆ ಹೋಗ್ಲಿಕ್ಕುಂಟಾ?”

“ಇಲ್ಲ. ನೀನು ತಲೆ ಅಲ್ಲಾಡಿಸ್ಬೇಡ.”

ಬಳಿಕ ನನ್ನತ್ತ ತಿರುಗಿ ಹೇಳಿದ: “ಸಂಬಳದ ವಿಷಯ ಅಲ್ಲ ಸರ್. ಅವಳಿಗೆ ನೈಟ್ ಇದ್ದ ದಿನ ನಾನೂ ಇಲ್ಲದಿದ್ರೆ ಇವಳು ಪಕ್ಕದ ಮನೆಯಲ್ಲಿ ಮಲಗ್ಬೇಕು. ಮೂರು ಸಲ ನಿಮ್ಮಲ್ಲಿ ಹೇಳಿದ್ದೆ. ನೀವು ಬರ್ಕೊಂಡಿದ್ರಿ ಸಹ.”

ನನಗೆ ನೆನಪಿರಲಿಲ್ಲ. ಅವನು ಈಗ ಶಾಲೆಯ ವ್ಯಾನ್ ಓಡಿಸುತ್ತಿದ್ದಾನೆ; ರಜೆಯಲ್ಲಿ ಸಂಬಳವಿಲ್ಲ. ಹೆರಾಲ್ಡರ ಬಸ್ಸಿನಲ್ಲಿ ಹಗಲಿನ ಪಾಳಿ ಕೇಳಿದ್ದನಂತೆ.

“ಮೊದಲು ಬನ್ನಿ ಅಂದ್ರು, ಆಮೇಲೆ ಬೇಡ ಅಂದ್ರು. ಯಾರು ಎಂತ ಹೇಳಿದ್ರೋ. ನೀವೊಂದು ಮಾತು ಹೇಳಿದ್ರೆ ಆಗ್ತದೆ ಸರ್. ನಿಮ್ಮ ಮಾತಂದ್ರೆ ಅವರಿಗೆ ನಂಬಿಕೆ.”

ಹೇಳುತ್ತೇನೆಂದೆ. ಅವನು ಕೊಟ್ಟ ಚಹಾವನ್ನೂ ಕುಡಿದೆ.

ಕಚೇರಿಗೆ ಬಂದು ಡೈರಿ ತೆಗೆದೆ. ಮೂರು ಪುಟಗಳಲ್ಲಿ, ನನ್ನದೇ ದುಂಡಗಿನ ಅಕ್ಷರಗಳಲ್ಲಿ, ಅವನ ವಿನಂತಿಯಿತ್ತು. ಪ್ರತಿಯೊಂದರ ಕೆಳಗೂ ನನ್ನ ಷರಾ: ‘ನಂಬಿಕಸ್ಥನಾದ ಕಾರಣ ಬದಲಾಯಿಸತಕ್ಕದ್ದಲ್ಲ.’ ಆ ವಾಕ್ಯ ಬರೆದ ದಿನ ಅದರ ಅಚ್ಚುಕಟ್ಟನ್ನು ಮೆಚ್ಚಿಕೊಂಡಿದ್ದೆನೋ ಏನೋ. ರಿಜಿಸ್ಟರಿನಲ್ಲಿ ಬರೆದಿದ್ದ ಕಾರಣವನ್ನು ಹೊಡೆದುಹಾಕಿದೆ. ಅದರ ಪಕ್ಕದಲ್ಲಿ ‘ಕೇಳಿಕೊಂಡರೂ ಮನೆಗೆ ಬಿಡಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಹಾಲ್ಟನ್ನು ವಾರಕ್ಕೊಬ್ಬರಂತೆ ಏಳು ಮಂದಿಗೆ ಹಂಚಿ ಹೊಸ ಪಟ್ಟಿ ಮಾಡಿದೆ. ಅದಕ್ಕೆ ಕಾಲು ಗಂಟೆ ಸಾಕಾಯಿತು. ಆರು ವರ್ಷಗಳಲ್ಲಿ ಆ ಕಾಲು ಗಂಟೆ ನನಗೆ ಸಿಕ್ಕಿರಲಿಲ್ಲ.

ಮರುದಿನ ಕಾರ್ಕಳಕ್ಕೆ ಹೋಗಿ, ನಾನು ಹೇಳಿದ್ದು ಸುಳ್ಳೆಂದು ಹೆರಾಲ್ಡರ ಎದುರು ನಿಂತು ಒಪ್ಪಿಕೊಂಡೆ. ಅವರು ಎದುರಿನ ಕುರ್ಚಿಯನ್ನು ನನ್ನತ್ತ ಸರಿಸಿದರು.

“ಆ ಜಾಗಕ್ಕೆ ಜನ ಆಗಿ ಹದಿನೈದು ದಿನ ಆಯ್ತು ಮಾರಾಯ್ರೆ. ರಾಯರು ನೀವೇ ಹೇಳಿದ ಮೇಲೆ ಇನ್ನೊಬ್ಬರಲ್ಲಿ ಕೇಳ್ಲಿಕ್ಕೆಂತ ಉಂಟು ಅಂತ ನಾನು ಸುಮ್ಮನಾದೆ.”

ವಿಶಾಲನಿಗೆ ಇದನ್ನು ಫೋನಿನಲ್ಲಿ ಹೇಳಬಾರದು, ಕಾರಣವನ್ನೂ ಸೇರಿಸಿ ಎದುರಿಗೇ ಹೇಳಬೇಕು ಎಂದುಕೊಂಡು ಮರುದಿನ ಸರ್ವಿಸ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ಕಟ್ಟುತ್ತ ಹೋದೆ, ಒಂದೂ ನಿಲ್ಲಲಿಲ್ಲ. ಕಾಪು ಬಂತು. ರಸ್ತೆಯ ಆಚೆ ಶಾಲೆಯ ಹಳದಿ ವ್ಯಾನ್ ನಿಂತಿತ್ತು. ಅವನು ಒಬ್ಬೊಬ್ಬರೇ ಮಕ್ಕಳ ಕೈ ಹಿಡಿದು ಇಳಿಸುತ್ತಿದ್ದ. ಎಲ್ಲರಿಗಿಂತ ಕೊನೆಗೆ ಧೃತಿ, ವಾಲಿದ ಜಡೆಯೊಂದಿಗೆ.

ಪರಿಚಯದ ಕಂಡಕ್ಟರ್ ಬಾಗಿಲ ಬಳಿಯಿಂದ ಬಗ್ಗಿ ನೋಡಿದ. “ರಾಯರೇ, ಕಾಪು. ಇಳಿಯುದಿಲ್ವಾ?”

ಇನ್ನೂ ಮುಂದಿನ ಪಡುಬಿದ್ರಿಗೆ ಟಿಕೆಟ್ ಕೊಡು ಎಂದೆ.