ಹೆಸರಿನ ಚೀಟಿ

ಜರ್ಮನಿಯ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದು ನಾರಾಯಣಗೂಡದ ಮನೆಗೆ ಮರಳಿದ ಗುರುರಾಜ, ಪದವಿಯ ಜೊತೆಗೆ ಅಂಟುಚೀಟಿಗಳ ದೊಡ್ಡದೊಂದು ಸುರುಳಿಯನ್ನೂ ತಂದಿದ್ದ. ಬಂದ ಮರುದಿನವೇ ಫ್ರಿಜ್ಜಿನ ಹಾಲಿನ ಪಾಕೀಟಿಗೆ, ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸೇಬಿಗೆ, ಬಚ್ಚಲಿನ ಸಾಬೂನಿಗೆ ತನ್ನ ಹೆಸರು ಬರೆದು ಅಂಟಿಸಿದ. ಅಲ್ಲಿ ಹಾಗೆಯೇ ಅಂತೆ. ಹತ್ತು ಜನಕ್ಕೆ ಒಂದೇ ಅಡುಗೆಮನೆ, ಆದರೆ ಒಬ್ಬರ ಉಪ್ಪನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಭಾನುವಾರ ಗೋಡೆಗೆ ಒಂದು ಮೊಳೆ ಹೊಡೆದರೂ ಪಕ್ಕದವರು ಬಂದು ಬಾಗಿಲು ಬಡಿಯುತ್ತಾರಂತೆ. ಸಾಬೂನಿನ ಚೀಟಿ ಮೊದಲ ಸ್ನಾನಕ್ಕೇ ಕಿತ್ತುಬಂತು, ಅವನ ಉತ್ಸಾಹಕ್ಕೆ ಏನೂ ಆಗಲಿಲ್ಲ.

ಇದನ್ನೆಲ್ಲ ಕೇಳಿ ಅಜ್ಜಿ ಗಿರಿಜಾಬಾಯಿಗೆ ಜರ್ಮನರ ಮೇಲೆ ಪ್ರೀತಿ ಉಕ್ಕಿತು. ನನ್ನ ಮಡಿಯ ತಂಬಿಗೆ, ನನ್ನ ಮಣೆ, ನನ್ನ ಉಪ್ಪಿನಕಾಯಿ ಭರಣಿ ಎಂದು ಜನ್ಮವಿಡೀ ಕಾದಾಡಿದವರು ಅವರು. ಆಗೆಲ್ಲ ನಕ್ಕವನು ಇದೇ ಮೊಮ್ಮಗ. ಈಗ ಅದೇ ಮಡಿಯನ್ನು ವಿಮಾನದಲ್ಲಿ ಹೊತ್ತು ತಂದು ಮನೆಗೆಲ್ಲ ಪಾಠ ಹೇಳುತ್ತಿದ್ದ.

ತಂಗಿ ಸುಹಾಸಿನಿಗೆ ಮಾತ್ರ ನಗು ಬರಲಿಲ್ಲ. ಅಣ್ಣ ಓದಿ ಬಂದ ಊರಿನಲ್ಲೇ ಓದಲು ಅವಳಿಗೂ ಸೀಟು ಸಿಕ್ಕಿತ್ತು, ಅದೇ ಹಾಸ್ಟೆಲಿನಲ್ಲಿ ಕೋಣೆಯೂ ಸಿಕ್ಕಿತ್ತು. ಬರುತ್ತೇನೆ, ಇಲ್ಲ ಎಂದು ಆ ವಾರದೊಳಗೆ ತಿಳಿಸಬೇಕಿತ್ತು. ತಂದೆ ಸುಬ್ಬರಾಯರು ಸೆಕ್ರೆಟೇರಿಯಟ್ಟಿನಲ್ಲಿ ದಿನಕ್ಕೆ ರಾಶಿ ಕಡತಗಳಿಗೆ ರುಜು ಹಾಕುವವರು, ಮನೆಯಲ್ಲಿ ಯಾವುದಕ್ಕೂ ತಾವಾಗಿ ಹೂಂ ಅಂದವರಲ್ಲ. ಅಜ್ಜಿಯನ್ನು ಕೇಳು ಅಂದರು. ಅಜ್ಜಿ, ಇದ್ದು ಬಂದವನನ್ನೇ ಕೇಳೋಣ ಅಂದರು. ಇದ್ದು ಬಂದವನು ಬೇಡ ಅಂದ.

ಕಾರಣವನ್ನು ಊಟಕ್ಕೆ ಕೂತಲ್ಲೇ ವಿವರಿಸಿದ. ಅಲ್ಲಿ ಗಂಡುಹುಡುಗರಿಗೂ ಹುಡುಗಿಯರಿಗೂ ಒಂದೇ ಅಡುಗೆಮನೆ. ಆಳುಕಾಳು ಇಲ್ಲ, ಎಲ್ಲ ತಾನೇ ಮಾಡಿಕೊಳ್ಳಬೇಕು. ತಾನಾದ್ದರಿಂದ ಸಂಭಾಳಿಸಿದ, ಇವಳಾದರೆ ತಿಂಗಳೊಳಗೆ ಅತ್ತುಕೊಂಡು ಓಡಿಬರುತ್ತಾಳೆ. ಇಷ್ಟು ಹೇಳಿ ತಾಟಿನಲ್ಲೇ ಕೈ ತೊಳೆದು ಎದ್ದುಹೋದ. ಆ ತಾಟನ್ನು ಸುಹಾಸಿನಿ ಎತ್ತಿದಳು. ಲಂಗ ತೊಡುವ ವಯಸ್ಸಿನಿಂದ ಅವನ ತಾಟು ಎತ್ತುತ್ತಿದ್ದವಳು ಅವಳೇ. ಅವತ್ತು ಮಾತ್ರ ನಲ್ಲಿಯ ಮುಂದೆ ನಿಂತು ಅತ್ತೂಬಿಟ್ಟಳು.

ಭಾನುವಾರ ಊರಿನದೇ ಇನ್ನೊಂದು ಬಡಾವಣೆ ಮೆಹದಿಪಟ್ಟಣಂನಿಂದ ರಾಮಕೃಷ್ಣ ಊಟಕ್ಕೆ ಬಂದ. ಜರ್ಮನಿಯಲ್ಲಿ ಗುರುರಾಜನ ಪಕ್ಕದ ಕೋಣೆಯಲ್ಲಿದ್ದವನು, ಬಾಯಲ್ಲಿ ಮಾತು ನಿಲ್ಲದ ಮನುಷ್ಯ. ಹೋಳಿಗೆ ಎಲ್ಲರ ತಾಟಿಗೂ ಬಿದ್ದಿತ್ತು. ದೂರದಲ್ಲಿ ತಮ್ಮ ಮಡಿಯ ಮಣೆಯ ಮೇಲೆ ಕೂತ ಅಜ್ಜಿ, ಒಬ್ಬರ ವಸ್ತು ಇನ್ನೊಬ್ಬರು ಮುಟ್ಟದ ಆ ಪುಣ್ಯಭೂಮಿಯ ಸುದ್ದಿ ವಿಚಾರಿಸಿದ್ದೇ ತಡ, ರಾಮಕೃಷ್ಣ ಶುರುಮಾಡಿದ.

ಚೀಟಿ ಅಂಟಿಸುವ ಪದ್ಧತಿ ಆ ಅಡುಗೆಮನೆಯಲ್ಲಿ ಮೊದಲು ಇರಲೇ ಇಲ್ಲವಂತೆ. ಗುರುರಾಜ ಯಾರ ಹಾಲು ಕಂಡರೂ ಕುಡಿದು, ಯಾರ ಬ್ರೆಡ್ಡು ಸಿಕ್ಕರೂ ತಿನ್ನತೊಡಗಿದ ಮೇಲೆ ಬಂತಂತೆ. ಇನ್ನು ಅವನ ತಾಟು. ಉಂಡು, ಅದರಲ್ಲೇ ಕೈ ತೊಳೆದು, ಮೇಜಿನ ಮೇಲೆ ಬಿಟ್ಟು ಹೋಗುವವನು. ಇದು ಭಾರತದ ಯಾವುದೋ ಪೂಜೆ ಇರಬೇಕೆಂದು ಪಾಪ ಆ ಜನ ಮೊದಮೊದಲು ತಾಟಿಗೆ ಸುತ್ತುಹಾಕಿಕೊಂಡು ಓಡಾಡಿದರಂತೆ. ಬೂಷ್ಟು ಹಿಡಿದ ಮೇಲೆ ಭಕ್ತಿ ಇಳಿಯಿತು. ಒಂದು ದಿನ ಅವನ ತಾಟುಗಳನ್ನೆಲ್ಲ ಅವನ ಹಾಸಿಗೆಯ ಮೇಲೆ ಸಾಲಾಗಿ ಮಲಗಿಸಿ, ಮೇಲೆ ಹೊದಿಕೆ ಹೊದಿಸಿ ಹೋದರಂತೆ.

"ಮುಂದ ಅವನ್ನ ತೊಳದವರು ಯಾರಪಾ?" ಎಂದರು ಅಜ್ಜಿ.

"ನಾನರೀ ಅಜ್ಜಿ. ಕನ್ನಡದವರ ಮರ್ಯಾದಿ ಪ್ರಶ್ನೆ ಅಲ್ಲೇನ್ರಿ."

ಗುರುರಾಜನ ಮುಖ ಹುಳ್ಳಗಾಯಿತು. ಇದೆಲ್ಲ ತಮಾಷೆ ಎಂಬಂತೆ ನಕ್ಕು, ಅಭ್ಯಾಸಬಲದಿಂದ ತಾಟಿನಲ್ಲೇ ಕೈ ತೊಳೆದು ಎದ್ದ. ಸುಹಾಸಿನಿಯೂ ಎದ್ದಳು, ಆದರೆ ತಾಟಿಗೆ ಕೈ ಹಚ್ಚಲಿಲ್ಲ. ಫ್ರಿಜ್ಜಿನ ಮೇಲಿದ್ದ ಸುರುಳಿಯಿಂದ ಒಂದು ಚೀಟಿ ಹರಿದು, ಅಣ್ಣನ ಹೆಸರು ಬರೆದು, ತಾಟಿನ ಅಂಚಿಗೆ ಒತ್ತಿ ಅಂಟಿಸಿದಳು. ಬಂದವರ ಮುಂದೆ ಇದೇನು ಎಂದು ತಾಯಿ ತುಳಸಾಬಾಯಿ ಗಾಬರಿಯಾಗಿ ತಾಟು ಎತ್ತಲು ಬಗ್ಗಿದರು.

"ಬ್ಯಾಡ ತುಳಸಾ," ಎಂದರು ಅಜ್ಜಿ. "ಅದರ ಮ್ಯಾಲೆ ಹೆಸರು ಬರದದ. ಇನ್ನೊಬ್ಬರು ಮುಟ್ಟಬಾರದು."

ಗುರುರಾಜ ತಂದೆಯ ಕಡೆ ನೋಡಿದ. ಸುಬ್ಬರಾಯರು ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಅವನೇ ತಾಟು ಎತ್ತಿಕೊಂಡು, ಕಾಲಿನ ಮೇಲೆಲ್ಲ ಎಂಜಲು ನೀರು ಚೆಲ್ಲಿಕೊಳ್ಳುತ್ತ ಬಚ್ಚಲಿಗೆ ನಡೆದ. ಒಳಗಿನಿಂದ ನಲ್ಲಿಯ ಸಪ್ಪಳ ಬಂತು.

ಅಜ್ಜಿ ಮಗನ ಕಡೆ ತಿರುಗಿದರು. "ಸುಬ್ಬಣ್ಣಾ, ಈಕಿನ್ನ ಕಳಸು. ಇಲ್ಲಿ ಮನಿಮಂದಿದೆಲ್ಲಾ ತೊಳೀತಾಳ. ಅಲ್ಲಿ ತನ್ನ ತಾಟೊಂದು ತೊಳಕೊಂಡ್ರ ಸಾಕು."